25ಕ್ಕೆ ಮೊದಲೇ ಮುಗಿದುಹೋಗುವ ಹಬ್ಬ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮನೆಯವರು ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿನ ಮಾಲ್‌ಗಳಲ್ಲಿ ನವೆಂಬರ್‌ನಲ್ಲೇ ಕ್ರಿಸ್‌ಮಸ್ ಟ್ರೀ ಬಂದಿರುತ್ತದಂತೆ. ಇಲ್ಲೂ ಅಂಗಡಿ ತುಂಬ ನಕ್ಷತ್ರ, ಸೇಲ್. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ವಾರ, ಅಂದರೆ ಆಗಮನ ಕಾಲವನ್ನು, ಪ್ರಾರ್ಥನೆಯಲ್ಲಿ ಕಳೆಯೋಣ ಅಂದರೆ 'ನಮ್ಮನೇಲಿ ಮಾತ್ರ ಯಾಕೆ ಏನೂ ಇಲ್ಲ' ಅಂತ ಮಕ್ಕಳ ಗೋಳು. ನಂದು ಅತಿಯಾಯ್ತು ಅಂತ ಅತ್ತೆ. ಮನೆಮನೆಗೆ ಬಂದು ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ ತಂಡ ಡಿಸೆಂಬರ್ 10ಕ್ಕೇ ಬಂದರೆ ಬಾಗಿಲು ತೆಗೆಯಬೇಕೋ ಬೇಡವೋ ಅಂತಲೂ ಗೊಂದಲ. ಏನು ಮಾಡಲಿ?"

ಪ್ರಿಯ ಸಹೋದರಿ,

ಅಂಗಡಿಯವರ ಮೇಲೆ ಕೋಪ ಬೇಡ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಊರು ನಿಮ್ಮದು. ಅಲ್ಲಿನ ಟೈಲರ್‌ಗೆ, ಬೇಕರಿಯವನಿಗೆ ಒಂದು ತಿಂಗಳು ಒಳ್ಳೆ ವ್ಯಾಪಾರ ಆಗುವುದು ಸಣ್ಣ ಮಾತಲ್ಲ. ನನ್ನ ತಕರಾರು ನಮ್ಮ ಮೇಲೆಯೇ. ಡಿಸೆಂಬರ್ ಹುಟ್ಟುತ್ತಲೇ ಸಂಘದ ಕ್ರಿಸ್‌ಮಸ್, ಶಾಲೆಯ ಕ್ರಿಸ್‌ಮಸ್, ಆಫೀಸಿನ ಕ್ರಿಸ್‌ಮಸ್. ಕೇಕ್ ತಿಂದೂ ತಿಂದೂ 25ಕ್ಕೆ ಯಾರಿಗೂ ಕೇಕ್ ಬೇಡ. 26ಕ್ಕೆ ನಕ್ಷತ್ರ ಅಟ್ಟ ಸೇರುತ್ತದೆ. ಆದರೆ ಧರ್ಮಸಭೆಯ ಕ್ಯಾಲೆಂಡರ್‌ನಲ್ಲಿ ಹಬ್ಬದ ಕಾಲ ಶುರುವಾಗುವುದೇ 24ರ ಸಂಜೆ. ಮೂವರು ಜ್ಞಾನಿಗಳ ಹಬ್ಬವನ್ನೂ ದಾಟಿ, ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೆ ಅದು ನಡೆಯುತ್ತದೆ. ಹಾಗಾಗಿ ಮಕ್ಕಳಿಗೆ "ಬೇಡ" ಅನ್ನಬೇಡಿ, "ಆಮೇಲೆ" ಅನ್ನಿ. ಅಂದ ಮೇಲೆ ಆ ಮಾತು ಉಳಿಸಿಕೊಳ್ಳಿ. ಜನವರಿ ಬಂದರೂ ನಕ್ಷತ್ರ ಉರಿಯಲಿ, ಸಿಹಿ ಹಂಚಿ, ನೆಂಟರನ್ನು ಕರೆಯಿರಿ.

ಅಲ್ಲಿಯವರೆಗೆ ಮನೆ ಬೋಳಾಗಿ ಇರಬೇಕಿಲ್ಲ. ಆಗಮನ ಕಾಲದಲ್ಲಿ ವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದಬತ್ತಿಯ ವೃತ್ತ ಪ್ರಸಿದ್ಧಿಗೆ ಬಂದದ್ದು ಮಕ್ಕಳಿಂದಲೇ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಚೆರ್ನ್ ಎಂಬ ಪಾದ್ರಿಗೆ, ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಸಣ್ಣ ಬತ್ತಿ ನಿಲ್ಲಿಸಿದರು. ದಿನಕ್ಕೊಂದು ಹಚ್ಚುತ್ತಾ ಹೋದರು. ನಿಮಗೆ ಚಕ್ರ ಬೇಡ, ಒಂದು ಸ್ಟೀಲ್ ತಟ್ಟೆ, ನಾಲ್ಕು ಬತ್ತಿ ಸಾಕು. ರಾತ್ರಿ ಊಟಕ್ಕೆ ಮೊದಲು ಟ್ಯೂಬ್‌ಲೈಟ್ ಆರಿಸಿ ಹಚ್ಚಿ, ಬೈಬಲ್‌ನ ಯೆಶಾಯನ ಗ್ರಂಥದಿಂದ ನಾಲ್ಕು ಸಾಲು ಓದಿ. ಮೂರನೆಯ ವಾರದ ಬತ್ತಿ ಮಾತ್ರ ಗುಲಾಬಿ ಬಣ್ಣದ್ದು, ಅದನ್ನು ಯಾರು ಹಚ್ಚಬೇಕು ಅಂತ ಜಗಳ ಆಗುತ್ತದೆ. ಆಗಲಿ ಬಿಡಿ.

ಅತ್ತೆಯವರನ್ನು ಕಲ್‌ಕಲ್ ಎಂಬ ಕ್ರಿಸ್‌ಮಸ್ ಸಿಹಿತಿಂಡಿ ಮಾಡಲು ಕೂರಿಸಿ. ಗೋಲಿ ಗಾತ್ರದ ಹಿಟ್ಟನ್ನು ಫೋರ್ಕ್‌ನ ಹಿಂಬದಿಗೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಗೆ ಬಿಡುವುದು ಒಬ್ಬರಿಂದ ಆಗುವ ಕೆಲಸವಲ್ಲ, ಅಲ್ವಾ? ಇಡೀ ಮನೆ ಕೂರಬೇಕು. ಕರಿದದ್ದೆಲ್ಲ ಡಬ್ಬಿಗೆ. 24ರ ರಾತ್ರಿ ಪೂಜೆಯಿಂದ ಬಂದ ಮೇಲೆಯೇ ಮುಚ್ಚಳ ತೆಗೆಯುವುದು. (ಒಡೆದವನ್ನು ಆಗಲೇ ತಿನ್ನಬಹುದು. ಇಷ್ಟು ರಿಯಾಯಿತಿ ಇರಲಿ, ಇಲ್ಲದಿದ್ದರೆ ಒಡೆಯದವೂ ಒಡೆಯುತ್ತವೆ.)

ಹೊಸ ಬಟ್ಟೆಯ ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಗಮನ ಕಾಲದಲ್ಲಿ ಮತ್ತೆ ಮತ್ತೆ ಎದುರಾಗುವವನು ಸ್ನಾನಿಕ ಯೊವಾನ್ನ, ಯೇಸುವಿಗೆ ದಾರಿ ಸಿದ್ಧಮಾಡಿದ ಪ್ರವಾದಿ. "ನಾವೇನು ಮಾಡಬೇಕು" ಅಂತ ಜನ ಕೇಳಿದಾಗ ಅವನು ಉಪವಾಸ, ವ್ರತ ಅನ್ನಲಿಲ್ಲ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ ಅಂದ. ಬೈಬಲ್‌ನಲ್ಲಿ ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿದೆ. ಬಟ್ಟೆ ತರುವ ಮೊದಲೇ ಬೀರು ತೆಗೆದು ಮಕ್ಕಳ ಕೈಲೇ ಆರಿಸಿಸಿ. ಹರಿದದ್ದಲ್ಲ, ಅವರಿಗೆ ಇಷ್ಟವಾದದ್ದೇ ಒಂದು.

ಇನ್ನು ಕ್ಯಾರಲ್ ತಂಡ. ಬಾಗಿಲು ತೆಗೆಯಿರಿ, ಕಾಫಿ ಕೊಡಿ. ಊರೆಲ್ಲಾ ಸುತ್ತಬೇಕಾದ ಹುಡುಗರು 24ರವರೆಗೆ ಕಾಯಲು ಆಗಲ್ಲ. ನಿಮ್ಮ ನಿಯಮ ನಿಮ್ಮ ಮನೆಗೆ, ಬಂದವರಿಗಲ್ಲ. ಬದಲಾಯಿಸಬಹುದಾದದ್ದು ಸಂಘದ ಕಾರ್ಯಕ್ರಮ. ಮುಂದಿನ ವರ್ಷ ಅಕ್ಟೋಬರ್‌ನ ಮೀಟಿಂಗ್‌ನಲ್ಲೇ ಎದ್ದು ನಿಂತು, ಕೇಕ್ ಮತ್ತು ನಾಟಕವನ್ನು ಜನವರಿ ಮೊದಲ ಭಾನುವಾರಕ್ಕೆ ಹಾಕೋಣವಾ ಅಂತ ಕೇಳಿ. ಹಾಲ್ ಸಿಗುವುದೂ ಆಗಲೇ ಸುಲಭ.

— ಸಂಪಾದಕ