ಗೂಬೆಯ ಕಣ್ಣಿಗೆ ಗುಲಗಂಜಿ ಬೇಡ

ಓದುಗರ ಪ್ರಶ್ನೆ, ತಜ್ಞರ ಉತ್ತರ: ಚಿಕ್ಕ ಮಕ್ಕಳ ಕರಕುಶಲ

ತುಲಾ ಸಂಕ್ರಮಣ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದರೆ ಸಾಕು, ಕೊಡಗಿನ ಶಿಶುವಿಹಾರಗಳಲ್ಲಿ ‘ಶರತ್ಕಾಲದ ಪ್ರಾಣಿಗಳು’ ಎಂಬ ಚಟುವಟಿಕೆ ಶುರುವಾಗುತ್ತದೆ. ಅದರ ಬೆನ್ನಿಗೇ ನನಗೆ ಪ್ರಶ್ನೆಗಳು ಬರುತ್ತವೆ. ಇಪ್ಪತ್ತಾರು ವರ್ಷಗಳಿಂದ ಅಂಗನವಾಡಿ ಹಾಗೂ ಶಿಶುವಿಹಾರದ ಶಿಕ್ಷಕಿಯರಿಗೆ ಎಲೆ, ಕಾಗದ, ಜೇಡಿಮಣ್ಣಿನ ಕೆಲಸ ಹೇಳಿಕೊಡುತ್ತಿದ್ದೇನೆ. ಕೇಳುವವರು ಬದಲಾದರೂ ಪ್ರಶ್ನೆಗಳು ಬದಲಾಗಲಿಲ್ಲ. ಎಲೆಯನ್ನು ಹೇಗೆ ಅಂಟಿಸುವುದು, ಮಗುವಿನ ಕೈಗೆ ಕತ್ತರಿಯನ್ನು ಹೇಗೆ ಕೊಡುವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ನೆಲದ ಮೇಲೆ ಕುಳಿತರೆ ಅದು ಯಾರಿಗಾದರೂ ತಿಳಿಯುತ್ತದೆ.

ಪ್ರಶ್ನೆ: ಮಗಳ ಶಾಲೆಯಲ್ಲಿ ಕೆಂಪು, ಹಳದಿ, ಕಿತ್ತಳೆ ಬಣ್ಣದ ಉದುರೆಲೆಗಳನ್ನು ತರಲು ಹೇಳಿದ್ದಾರೆ. ನಮ್ಮ ತೋಟದಲ್ಲಿ ಎಲ್ಲವೂ ಹಸಿರಾಗಿಯೇ ಇದೆ. ಆನ್‌ಲೈನ್‌ನಲ್ಲಿ ಬಟ್ಟೆಯ ಎಲೆ ತರಿಸಬಹುದೇ? (ಸುಂಟಿಕೊಪ್ಪದ ಓದುಗರು)

ತರಿಸಬೇಡಿ. ನಿಮ್ಮ ತೋಟದಲ್ಲಿ ತಪ್ಪೇನೂ ಇಲ್ಲ, ತಪ್ಪಿರುವುದು ಶಾಲೆಯವರು ಕೊಟ್ಟ ಆ ಪಟ್ಟಿಯಲ್ಲಿ. ಶೀತ ದೇಶಗಳಲ್ಲಿ ಹಗಲು ಗಣನೀಯವಾಗಿ ಕುಗ್ಗಿ ಚಳಿ ಬಂದಾಗ ಮರಗಳು ಎಲೆಯ ಹಸಿರನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆಯಷ್ಟೇ. ಇಲ್ಲಿನ ತೇಗ ಎಲೆ ಉದುರಿಸುವುದು ಒಣಹವೆಗೆ, ಅದೂ ಸುಗ್ಗಿಹಬ್ಬ ಪುತ್ತರಿ ಮುಗಿದು ತಿಂಗಳು ಕಳೆದ ಮೇಲೆ. ಆಶ್ವಯುಜ, ಕಾರ್ತಿಕಗಳಲ್ಲಿ ಕೊಡಗಿನಲ್ಲಿ ಬಣ್ಣ ತಿರುಗುವುದು ಗದ್ದೆಯೇ ಹೊರತು ಕಾಡಲ್ಲ.

ಆದರೂ ಈ ತಿಂಗಳಲ್ಲೇ ಮಾಡಬೇಕೆಂದಿದ್ದರೆ ಹಲಸಿನ ಮರದ ಬುಡಕ್ಕೆ ಹೋಗಿ. ಹಲಸು ವರ್ಷವಿಡೀ ಒಂದೊಂದಾಗಿ ಎಲೆ ಉದುರಿಸುತ್ತದೆ. ಆ ದಿನ ಬೆಳಿಗ್ಗೆ ಬಿದ್ದ ಎಲೆ ಅರಿಸಿನ ಬಣ್ಣಕ್ಕೂ ಕಾವಿ ಬಣ್ಣಕ್ಕೂ ನಡುವೆ ಇರುತ್ತದೆ, ಚರ್ಮದಂತೆ ಬಾಗುತ್ತದೆ, ಮುರಿಯುವುದಿಲ್ಲ. ತೊಟ್ಟನ್ನು ಮೇಲಕ್ಕೆ ಹಿಡಿದು, ಎರಡೂ ಅಂಚುಗಳಿಂದ ಒಂದೊಂದು ಬೆರಳಗಲದ ಪಟ್ಟಿಯನ್ನು ತೊಟ್ಟಿನ ಕಡೆಯಿಂದ ಅರ್ಧದವರೆಗೆ ಸೀಳಿದರೆ ಎರಡು ಕೊಂಬುಗಳಾದವು. ನಡುವಿನ ಭಾಗವನ್ನು ಹಿಂದಕ್ಕೆ ಮಡಚಿ, ಕೆಳಗಿನ ಅರ್ಧವನ್ನು ಮೂತಿಯಂತೆ ಸುರುಳಿ ಸುತ್ತಿ, ತೊಟ್ಟನ್ನು ಅದಕ್ಕೇ ಚುಚ್ಚಿಬಿಟ್ಟರೆ ಅಂಟೂ ಬೇಡ, ದಾರವೂ ಬೇಡ, ಎತ್ತಿನ ತಲೆ ಸಿದ್ಧ. ಅದೇ ಎಲೆಯನ್ನು ಸೀಳದೆ ಮೈಯಾಗಿಸಿ, ಹಿಂದೆ ಸಿಲ್ವರ್ ಓಕ್‌ನ ಗರಿಗರಿ ಎಲೆಯನ್ನು ಅಂಟಿಸಿದರೆ ನಮ್ಮ ಕಾಡಿನ ಕೆಂದಳಿಲು; ಬಾಲ ಮೈಗಿಂತ ಉದ್ದವಾಗಿರಲಿ, ಆ ಪ್ರಾಣಿಯೂ ಇರುವುದು ಹಾಗೆಯೇ. ಮರದಿಂದ ಕಿತ್ತ ಹಸಿ ಹಲಸಿನೆಲೆ ಬೇಡ, ಅದರ ಹಾಲು ಮಗುವಿನ ಬೆರಳಿಗೆ ಅಂಟಿದರೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುವಷ್ಟರಲ್ಲಿ ತರಗತಿ ಮುಗಿದಿರುತ್ತದೆ.

ಒಂದು ಮಾತು. ತರಗೆಲೆಯ ರಾಶಿಗೆ ಮಗುವಿನ ಕೈ ಹೋಗುವ ಮೊದಲು ದೊಡ್ಡವರ ಕೋಲು ಹೋಗಲಿ. ಕಾಫಿ ತೋಟದಲ್ಲಿ ತರಗೆಲೆಯ ಬಣ್ಣದ್ದೇ ಸಣ್ಣ ವಿಷದ ಹಾವುಗಳಿವೆ ಎಂಬುದನ್ನು ತೋಟದವರಿಗೆ ನಾನು ಹೇಳಬೇಕಾಗಿ ಬರುವುದೇ ವಿಚಿತ್ರ.

ಪ್ರಶ್ನೆ: ಒಣ ಎಲೆಯಿಂದ ಗೂಬೆ ಮಾಡಿಸುತ್ತಿದ್ದೇವೆ. ಕಣ್ಣಿಗೆ ಗುಲಗಂಜಿ ಇಟ್ಟರೆ ಬಹಳ ಚೆನ್ನಾಗಿ ಕಾಣುತ್ತದೆ. ಅದು ವಿಷ ಎಂದು ಕೆಲವರು ಹೇಳುತ್ತಾರೆ, ನುಂಗಿದರೂ ಏನೂ ಆಗುವುದಿಲ್ಲ ಎಂದು ಊರಿನ ಹಿರಿಯರು ಹೇಳುತ್ತಾರೆ. ಯಾವುದು ಸರಿ, ಮೇಡಂ? (ವಿರಾಜಪೇಟೆ ಬಳಿಯ ಶಿಕ್ಷಕಿ)

ಈ ಪ್ರಶ್ನೆ ಪ್ರತಿವರ್ಷ ಬರುತ್ತದೆ. ಈ ಸಲ ಮೂರು ಕಡೆಯಿಂದ ಬಂದಿದೆ. ಆದ್ದರಿಂದ ಅಂಕಣದ ಬಹುಪಾಲನ್ನು ಇದಕ್ಕೇ ಕೊಡುತ್ತಿದ್ದೇನೆ.

ಗುಲಗಂಜಿ ವಿಷ. ಅದರೊಳಗಿನ ಅಬ್ರಿನ್ ಎಂಬ ವಸ್ತು ನಮ್ಮ ಜೀವಕೋಶಗಳು ಪ್ರೋಟೀನು ತಯಾರಿಸುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ, ಅಪಾಯವಿರುವುದು ಆ ಅರ್ಧದಲ್ಲಿಯೇ. ಬೀಜದ ಹೊರಸಿಪ್ಪೆ ಬಹಳ ಗಟ್ಟಿ. ಬಿರುಕಿಲ್ಲದ ಇಡೀ ಬೀಜವನ್ನು ನುಂಗಿದರೆ ಅದು ಸಾಮಾನ್ಯವಾಗಿ ಹಾಗೆಯೇ ಹೊರಗೆ ಹೋಗುತ್ತದೆ. ಆದರೆ ಮಗು ಅದನ್ನು ಕಚ್ಚುವುದಿಲ್ಲ ಎಂದು ನಿಮಗೆ ಯಾರು ಹೇಳಿದರು? ಇನ್ನು ಕರಕುಶಲದವರು ಮಾಡುವ ಕೆಲಸವನ್ನು ನೋಡಿ: ದಾರ ಪೋಣಿಸಲೆಂದು ಕಾದ ಸೂಜಿಯಿಂದ ತೂತು ಮಾಡುತ್ತಾರೆ, ಚಪ್ಪಟೆಯಾಗಿ ಕೂರಲಿ ಎಂದು ಒಂದು ಬದಿಯನ್ನು ಉಜ್ಜುತ್ತಾರೆ. ಮಗುವನ್ನು ಕಾಪಾಡುತ್ತಿದ್ದ ಒಂದೇ ಒಂದು ವಸ್ತು ಆ ಸಿಪ್ಪೆ, ಅದನ್ನು ನಾವೇ ತೆಗೆದು ಮಗುವಿನ ಕೈಗೆ ಕೊಡುತ್ತೇವೆ.

ಆಯುರ್ವೇದದಲ್ಲಿ ಅದು ಔಷಧಿ ಎಂದು ವಾದಿಸುವವರೂ ಇದ್ದಾರೆ. ಹೌದು, ಅದೇ ಆಯುರ್ವೇದ ಗುಂಜೆಯನ್ನು, ಅಂದರೆ ಗುಲಗಂಜಿಯನ್ನು, ಉಪವಿಷಗಳ ಸಾಲಿನಲ್ಲಿ ಎಣಿಸುತ್ತದೆ, ಶೋಧನೆ (ಶುದ್ಧೀಕರಣ) ಮಾಡದೆ ಮುಟ್ಟಬಾರದೆಂದೂ ಹೇಳುತ್ತದೆ. ಶಾಸ್ತ್ರದ ಮೊದಲ ಅರ್ಧವನ್ನು ಮಾತ್ರ ಓದಿದ ಪಂಡಿತರಿಂದ ದೂರವಿರಿ. ಅಕ್ಕಸಾಲಿಗರು ಶತಮಾನಗಳಿಂದ ಬಳಸಿಲ್ಲವೇ ಎಂಬುದು ಇನ್ನೊಂದು ವಾದ. ಅವರು ಸುಮಾರು 0.12 ಗ್ರಾಂ ತೂಗುವ ಆ ಬೀಜವನ್ನು ತಕ್ಕಡಿಯಲ್ಲಿ ಇಟ್ಟರು, ತೊಟ್ಟಿಲಲ್ಲಿ ಇಡಲಿಲ್ಲ. ‘ನಮ್ಮದು ಮಂಜಾಡಿ, ಪೂರ್ತಿ ಕೆಂಪು, ಕಪ್ಪು ಚುಕ್ಕೆ ಇಲ್ಲ’ ಎಂದರೂ ನನ್ನ ಉತ್ತರ ಅದೇ. ಬೇರೆ ಮರದ ಬೀಜವಾದರೂ ಉಸಿರುನಾಳಕ್ಕೆ ಸಿಕ್ಕಿಕೊಳ್ಳಲು ಅದಕ್ಕೆ ವಿಷದ ಅಗತ್ಯವಿಲ್ಲ.

ನಾನೇಕೆ ಇಷ್ಟು ಕಟುವಾಗಿ ಬರೆಯುತ್ತಿದ್ದೇನೆಂದರೆ, ಬಹಳ ಹಿಂದೆ ಈ ತಪ್ಪನ್ನು ನಾನೇ ಮಾಡಿದ್ದೇನೆ. ಒಂದು ರಜಾ ಶಿಬಿರದಲ್ಲಿ ಹನ್ನೆರಡು ಮಕ್ಕಳು ಹನ್ನೆರಡು ಗೂಬೆ ಮಾಡಿದ್ದರು, ಇಪ್ಪತ್ತನಾಲ್ಕು ಕಣ್ಣುಗಳನ್ನು ನಾನೇ ಎಣಿಸಿ ಕೊಟ್ಟಿದ್ದೆ. ಗೋಡೆಗೆ ತೂಗುಹಾಕುವಾಗ ಇಪ್ಪತ್ತಮೂರಿದ್ದವು. ನಾಲ್ಕು ವರ್ಷದ ಒಂದು ಮಗು, ಬಾಯಲ್ಲಿ ಹಾಕಿಕೊಂಡೆಯಾ ಎಂದು ಕೇಳಿದರೆ ಹೌದು ಎಂದಿತು, ಇಲ್ಲವಾ ಎಂದರೆ ಇಲ್ಲ ಎಂದಿತು. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಕಾದೆವು. ಕೊನೆಗೆ ಅದು ಸಿಕ್ಕಿದ್ದು ಪಕ್ಕದಲ್ಲಿ ಕುಳಿತಿದ್ದ ಇನ್ನೊಂದು ಮಗುವಿನ ಸ್ವೆಟರ್‌ನ ಮಡಚಿದ ತೋಳಿನಲ್ಲಿ. ಅಂದಿನಿಂದ ನನ್ನ ತರಗತಿಯಲ್ಲಿ ಕಾಳು, ಬೀಜ, ಮಣಿ ಯಾವುದೂ ಇಲ್ಲ. ಇದು ಅತಿಯಾಯಿತು ಎನ್ನುವ ಶಿಕ್ಷಕಿಯರಿದ್ದಾರೆ. ಅವರು ಆ ಸಂಜೆ ಆ ತಾಯಿಯ ಮುಖ ನೋಡಿಲ್ಲ.

ಮಗು ಗುಲಗಂಜಿ ಕಚ್ಚಿದೆ ಅಥವಾ ನುಂಗಿದೆ ಎಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ತುಪ್ಪ ನೆಕ್ಕಿಸಬೇಡಿ, ಗಂಟಲಿಗೆ ಬೆರಳು ಹಾಕಬೇಡಿ. ಉಳಿದ ಬೀಜಗಳನ್ನು ಪೊಟ್ಟಣ ಕಟ್ಟಿಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ವಾಂತಿ ಭೇದಿ ಶುರುವಾಗಲು ಹಲವು ಗಂಟೆಗಳು, ಕೆಲವೊಮ್ಮೆ ಒಂದೆರಡು ದಿನವೇ ಹಿಡಿಯಬಹುದು; ಮಗು ಆಡಿಕೊಂಡಿದೆ ಎಂಬ ಕಾರಣಕ್ಕೆ ಮನೆಯಲ್ಲೇ ಉಳಿಯಬೇಡಿ.

ಗುಲಗಂಜಿಯ ಬದಲಿಗೆ ಏನು ಎಂದು ಕೇಳಿದಾಗ ಜನ ಸೂಚಿಸುವುದು ಕರಿಮೆಣಸು, ಕಾಫಿ ಬೀಜ, ಅವರೆಕಾಳು. ಮೆಣಸು ಮುಟ್ಟಿದ ಕೈ ಕಣ್ಣಿಗೆ ಹೋಗುತ್ತದೆ. ಕಾಫಿ ಬೀಜ ಮೂಗಿಗೆ ಹೋಗುತ್ತದೆ. ಅವರೆಕಾಳು ಮೂಗಿಗೆ ಹೋದದ್ದಲ್ಲದೆ ಅಲ್ಲಿನ ತೇವ ಹೀರಿ ಊದಿಕೊಳ್ಳುತ್ತದೆ, ಆಗ ಹೇರ್‌ಪಿನ್ ಹಿಡಿದು ಮುಂದೆ ಬರುವ ಅಜ್ಜಿಯನ್ನು ತಡೆಯುವುದೇ ದೊಡ್ಡ ಕೆಲಸ. ಅಂಗಡಿಯಲ್ಲಿ ಸಿಗುವ ಅಲುಗಾಡುವ ಪ್ಲಾಸ್ಟಿಕ್ ಕಣ್ಣುಗಳೂ ಬೇಡ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳ ಬಿಡಿಭಾಗಗಳನ್ನು ಪರೀಕ್ಷಿಸುವ ಕೊಳವೆಯ ಅಗಲ 3.17 ಸೆಂ.ಮೀ.; ಆ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಆ ವಯಸ್ಸಿನವರ ಕೈಗೆ ತಕ್ಕುದಲ್ಲ.

ಗೂಬೆಗೆ ಕಣ್ಣು ಬೇಕಲ್ಲವೇ? ಹುಳು ತಿಂದು ತೂತಾದ ಎಲೆಯನ್ನೇ ಹುಡುಕಲು ಮಕ್ಕಳನ್ನು ಕಳಿಸಿ. ತೂತಿನ ಹಿಂದೆ ಬಿಳಿ ಕಾಗದ ಅಂಟಿಸಿ ನಡುವೆ ಇದ್ದಿಲಿನ ಚುಕ್ಕೆ ಇಟ್ಟರೆ, ಯಾವ ಬೀಜವೂ ಕೊಡದ ನೋಟ ಅದಕ್ಕೆ ಬರುತ್ತದೆ. ಒಂದು ತೂತು ದೊಡ್ಡದು, ಒಂದು ಸಣ್ಣದು ಇದ್ದರಂತೂ ಗೂಬೆ ಕಣ್ಣು ಮಿಟುಕಿಸಿದಂತೆ ಕಾಣುತ್ತದೆ, ಮಕ್ಕಳು ಅಂಥದ್ದಕ್ಕೇ ಜಗಳವಾಡುತ್ತಾರೆ. ತೂತಿನ ಎಲೆ ಸಿಗದಿದ್ದರೆ ಮಗುವಿನ ಹೆಬ್ಬೆರಳನ್ನು ಅಕ್ಕಿಹಿಟ್ಟಿನ ಗಂಜಿಯಲ್ಲಿ ಅದ್ದಿ ಎಲೆಯ ಮೇಲೆ ಒತ್ತಿಸಿ, ಒಣಗಿದ ಮೇಲೆ ಕಿರುಬೆರಳಿನಿಂದ ಮಸಿಯ ಬೊಟ್ಟು ಇಡಿಸಿ.

ಗುಲಗಂಜಿಯ ಜೊತೆಗೇ ಹರಳು ಬೀಜವನ್ನೂ, ಕಣಗಿಲೆಯ ಎಲೆ ಕಾಯಿಗಳನ್ನೂ ಪಟ್ಟಿಯಿಂದ ತೆಗೆಯಿರಿ, ಅವೂ ವಿಷವೇ. ದತ್ತೂರದ ಮುಳ್ಳುಕಾಯಿಯನ್ನು ಮುಳ್ಳುಹಂದಿಯ ಮೈಯೆಂದು ತಂದಿಟ್ಟ ಮಹಾನುಭಾವರನ್ನೂ ನಾನು ಕಂಡಿದ್ದೇನೆ.

ಪ್ರಶ್ನೆ: ಮೈದಾ ಅಂಟಿಗೆ ಹುಳು ಹಿಡಿಯದಿರಲು ಮೈಲುತುತ್ತ ಹಾಕಬೇಕೆಂದು ನಮ್ಮ ಮಾವ ಹೇಳುತ್ತಾರೆ. ಎಷ್ಟು ಹಾಕಬೇಕು? (ಪೊನ್ನಂಪೇಟೆ)

ಚಿಟಿಕೆಯೂ ಬೇಡ. ಗೋಡೆಗೆ ಪೋಸ್ಟರ್ ಅಂಟಿಸುವವರ, ಪುಸ್ತಕಕ್ಕೆ ರಟ್ಟು ಕಟ್ಟುವವರ ಪದ್ಧತಿ ಅದು. ಅವರ್ಯಾರೂ ಬೆರಳು ನೆಕ್ಕುವುದಿಲ್ಲ. ಮೈಲುತುತ್ತವೆಂಬ ತಾಮ್ರದ ವಿಷ ಶಿಲೀಂಧ್ರ ಕೊಲ್ಲುವ ಬೋರ್ಡೋ ದ್ರಾವಣಕ್ಕೆ, ಬೋರ್ಡೋ ದ್ರಾವಣ ತೋಟಕ್ಕೆ. ಅದೇ ಕಾರಣಕ್ಕೆ ಔಷಧಿ ಹೊಡೆದ ಕಾಫಿ ಎಲೆ, ಮೆಣಸಿನ ಬಳ್ಳಿಯ ಎಲೆಗಳನ್ನೂ ಮಕ್ಕಳಿಗೆ ಕೊಡಬಾರದು. ಎಲೆಯ ಮೇಲೆ ತಿಳಿನೀಲಿ ಕಲೆ ಕಂಡರೆ ಅಲ್ಲೇ ಬಿಡಿ. ಮೈದಾ ಅಂಟನ್ನು ಆ ದಿನಕ್ಕೆ ಬೇಕಾದಷ್ಟೇ ಕಾಯಿಸಿ, ಉಳಿದದ್ದನ್ನು ಚೆಲ್ಲಿ. ಮೊಲದ ಬಾಲಕ್ಕೆ ಹತ್ತಿ ಅಂಟಿಸಲು ಕ್ಷಣದಲ್ಲಿ ಹಿಡಿಯುವ ಅಂಟನ್ನು ಬಳಸುವವರೂ ಕೇಳಿ: ಆ ಅಂಟು ಹತ್ತಿಗೆ ತಗುಲಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಪ್ರಶ್ನೆ: ಪುಸ್ತಕದೊಳಗೆ ಇಟ್ಟ ಎಲೆಗಳಿಗೆ ನಾಲ್ಕೇ ದಿನದಲ್ಲಿ ಬೂಷ್ಟು ಬರುತ್ತದೆ. (ಮಡಿಕೇರಿ)

ಮಡಿಕೇರಿಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ನುಣುಪು ಕಾಗದದ ಪುಸ್ತಕ ತೇವ ಹೀರುವುದಿಲ್ಲ, ದಿನಪತ್ರಿಕೆ ಹೀರುತ್ತದೆ. ಎಲೆಯನ್ನು ಬಟ್ಟೆಯಿಂದ ಒರೆಸಿ, ಪತ್ರಿಕೆಯ ಹಾಳೆಗಳ ನಡುವೆ ಇಟ್ಟು ಮೇಲೆ ಒರಳು ಕಲ್ಲಿನಷ್ಟು ಭಾರ ಹೇರಿ. ಮೊದಲ ಎರಡು ದಿನ ಬೆಳಿಗ್ಗೆ ಸಂಜೆ ಹಾಳೆ ಬದಲಿಸಿ, ಆಮೇಲೆ ದಿನಕ್ಕೊಮ್ಮೆ. ಎಂಟು ಹತ್ತು ದಿನ ಬೇಕು. ಬಿಸಿಲಿಗಿಟ್ಟರೆ ಎಲೆ ಸುರುಳಿಯಾಗುತ್ತದೆ. ಎಲೆ ಮೆತ್ತಗೇ ಉಳಿಯಬೇಕೆಂದರೆ ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ, ಮೂರು ನಾಲ್ಕು ದಿನ ಮುಳುಗಿಸಿಟ್ಟು ಒರೆಸಿ ತೆಗೆಯಿರಿ. ಬಣ್ಣ ಸ್ವಲ್ಪ ಕಂದುತ್ತದೆ. ಮೇಲೆ ವಾರ್ನಿಷ್ ಬಳಿಯಬೇಕೇ ಎಂದು ದಯವಿಟ್ಟು ಕೇಳಬೇಡಿ.

ಪ್ರಶ್ನೆ: ಸ್ಪರ್ಧೆಗಾಗಿ ಮೂರೂವರೆ ವರ್ಷದ ಮಗನಿಂದ ತೇಗದ ಎಲೆಯ ಆನೆ ಮಾಡಿಸಬೇಕು. ಸೊಂಡಿಲು ಸರಿಯಾಗಿ ಬರುತ್ತಿಲ್ಲ, ನಾನು ತಿದ್ದಬಹುದೇ? (ಕುಶಾಲನಗರ)

ತಿದ್ದಿ, ಬಹುಮಾನವನ್ನೂ ನೀವೇ ಇಟ್ಟುಕೊಳ್ಳಿ.

ಪ್ರಶ್ನೆ: ಚಿತ್ರದ ಪುಸ್ತಕದಲ್ಲಿ ಚಳಿಗಾಲಕ್ಕೆ ಮೊದಲು ಎಲೆಯೊಳಗೆ ಮಲಗುವ ಪುಟ್ಟ ಮುಳ್ಳುಹಂದಿ ಇದೆ. ನಮ್ಮ ತೋಟದಲ್ಲಿ ಸಿಕ್ಕ ನಿಜವಾದ ಮುಳ್ಳುಗಳನ್ನೇ ಅಂಟಿಸಿ ಅದನ್ನು ಮಾಡಬಹುದೇ? (ನಾಪೋಕ್ಲು)

ಎರಡು ತಪ್ಪುಗಳು. ಆ ಪುಸ್ತಕದಲ್ಲಿರುವ ಅಂಗೈಯಗಲದ ಪ್ರಾಣಿ ಹೆಡ್ಜ್‌ಹಾಗ್, ಅದು ಹುಳುಹುಪ್ಪಟೆ ತಿನ್ನುವ ಬೇರೆಯೇ ಜಾತಿ. ನಿಮ್ಮ ತೋಟದಲ್ಲಿ ಗೆಡ್ಡೆ ಅಗೆದು ಹೋಗುವ ಮುಳ್ಳುಹಂದಿ ದಂಶಕ, ಇಲಿ ಅಳಿಲುಗಳ ದೂರದ ನೆಂಟ, ಅದು ಚಳಿಗೆಂದು ಮಲಗುವುದೂ ಇಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಬರೆಯುವ ಅನುವಾದಕರ ಮೇಲೆ ನನಗೆ ಹಳೆಯ ಸಿಟ್ಟಿದೆ. ಇನ್ನು ಮುಳ್ಳು: ಅದು ಸೂಜಿಯಷ್ಟು ಚೂಪು, ಮೇಲಾಗಿ ಕಾಡುಪ್ರಾಣಿಯ ಅಂಗಾಂಶಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವ ವಿಚಾರ. ಸಿಕ್ಕಲ್ಲಿಯೇ ಬಿಟ್ಟುಬನ್ನಿ. ಮಗುವಿನ ಎರಡೂ ಅಂಗೈಗಳಿಗೆ ಕೆಮ್ಮಣ್ಣಿನ ನೀರು ಬಳಿದು, ಬೆರಳು ಬಿಡಿಸಿ ಕಾಗದದ ಮೇಲೆ ಒತ್ತಿಸಿ. ಹತ್ತು ಮುಳ್ಳು ಬಂದವು. ಮೂತಿಗೆ ಒಂದು ಹಲಸಿನೆಲೆ ಸಾಕು.