ಆರು ದಿನಕ್ಕೆ ಆರು ಯುಗ ಹೊಂದಿಸಬೇಡಿ

ಪ್ರಶ್ನೆ: ಫಾದರ್, ನಾವು ಮುಂಬೈನ ಅಂಧೇರಿಯವರು. ಮಗಳು ಹನ್ನೊಂದನೇ ಕ್ಲಾಸ್ ಸೈನ್ಸ್. ಪ್ರಾರ್ಥನಾಕೂಟಕ್ಕೆ ಬಂದ ಬೋಧಕರೊಬ್ಬರು ವಿಕಾಸವಾದ ನಂಬುವುದು ಪಾಪ ಎಂದರು. ಅವತ್ತಿನಿಂದ ಅವಳು ಚರ್ಚಿನ ಬಲಿಪೂಜೆಗೇ ಬರುತ್ತಿಲ್ಲ. ಸೃಷ್ಟಿಯ ಆರು ದಿನ ಎಂದರೆ ಆರು ಯುಗ ಎಂದು ತಿಳಿಹೇಳಲೇ?

ಉತ್ತರ: ಬೇಡಮ್ಮ, ದಯವಿಟ್ಟು ಬೇಡ. ಈ ಯುಗದ ಲೆಕ್ಕ ಮತ್ತೆ ಮತ್ತೆ ಬರುತ್ತಲೇ ಇದೆ, ನನಗೂ ಸಾಕಾಗಿದೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೊದಲ ಅಧ್ಯಾಯ ತೆಗೆದು ನೋಡಿ. ಗಿಡಮರ ಮೂರನೇ ದಿನ, ಸೂರ್ಯ ನಾಲ್ಕನೇ ದಿನ. ಒಂದು ದಿನಕ್ಕೆ ಕೋಟಿಗಟ್ಟಲೆ ವರ್ಷ ಎಂದರೆ, ಬಿಸಿಲಿಲ್ಲದೆ ಆ ಗಿಡಗಳು ಹೇಗೆ ಬದುಕಿದವು ಎಂದು ಮಗಳು ಕೇಳದೆ ಬಿಡುತ್ತಾಳಾ? ಎರಡನೇ ಅಧ್ಯಾಯದಲ್ಲಂತೂ ಮನುಷ್ಯ ಮೊದಲು, ಪ್ರಾಣಿಗಳು ಆಮೇಲೆ. ಇವೆರಡನ್ನೂ ಬೈಬಲಿನಲ್ಲಿ ಅಕ್ಕಪಕ್ಕ ಇಟ್ಟವರಿಗೆ ಈ ವ್ಯತ್ಯಾಸ ಕಾಣದೆ ಇರಲಿಲ್ಲ. ಅವರು ಹೇಳಹೊರಟದ್ದೇ ಬೇರೆ. ಬಾಬಿಲೋನಿನವರು ಸೂರ್ಯಚಂದ್ರರನ್ನು ಪೂಜಿಸುತ್ತಿದ್ದರು. ಆದಿಕಾಂಡದಲ್ಲಿ ಅವು ಬರೀ ಎರಡು ದೀಪ, ದೇವರು ಮಾಡಿಟ್ಟವು. ಎಲ್ಲವೂ ದೇವರಿಂದ ಬಂತು, ಬಂದದ್ದು ಒಳ್ಳೆಯದಾಗಿತ್ತು, ಮನುಷ್ಯ ದೇವರ ಹೋಲಿಕೆಯವನು. ನಾನು ನಂಬುವುದು ಇದನ್ನು. ಎಷ್ಟು ವರ್ಷವಾಯಿತು ಎಂಬುದನ್ನು ಕಲ್ಲು ಹೇಳುತ್ತದೆ.

ಆ ಕಲ್ಲು ನಿಮ್ಮ ಅಂಧೇರಿಯಲ್ಲೇ ಇದೆ. ಮಗಳನ್ನು ಗಿಲ್ಬರ್ಟ್ ಹಿಲ್‌ಗೆ ಕರೆದುಕೊಂಡು ಹೋಗಿ. ಕಪ್ಪು ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗಿರುವ ಬಂಡೆ ಅದು. ಲಾವಾ ತಣ್ಣಗಾಗಿ ಕುಗ್ಗುವಾಗ ಹೀಗೆ ಉದ್ದಕ್ಕೆ ಸೀಳುತ್ತದೆ. ವಯಸ್ಸು ಸುಮಾರು 6.6 ಕೋಟಿ ವರ್ಷ. ಅದರ ಎದುರು ನಿಂತು ಪ್ರಾರ್ಥನೆ ಮಾಡಲು ನನಗೆ ಯಾವ ಅಡ್ಡಿಯೂ ಕಂಡಿಲ್ಲ.

ಇನ್ನು ಆ ಬೋಧಕರು. ಅವರು ಹೇಳಿದ್ದು ಕಥೋಲಿಕ ಧರ್ಮಸಭೆಯ ಬೋಧನೆಯೇ ಅಲ್ಲ. ದೇಹ ವಿಕಾಸದಿಂದ ಬಂದಿರಬಹುದೇ ಎಂದು ಸಂಶೋಧಿಸಲು ಅಡ್ಡಿಯಿಲ್ಲ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಪೋಪ್ 12ನೇ ಪಯಸ್ 1950ರಲ್ಲೇ ಬರೆದರು. ವಿಕಾಸವಾದ ಬರೀ ಊಹೆಯಲ್ಲ ಎಂದು 1996ರಲ್ಲಿ ಪೋಪ್ 2ನೇ ಜಾನ್ ಪಾಲ್ ಹೇಳಿದರು. ಗೊತ್ತಿಲ್ಲದೆ ಮಕ್ಕಳನ್ನು ಹೆದರಿಸುವವರ ಕೈಗೆ ಮೈಕ್ ಕೊಡಬೇಡಿ.

ಹಾಗಂತ ವಿಶ್ವ ಶುರುವಾದ ಮಹಾಸ್ಫೋಟವೇ ಆದಿಕಾಂಡದಲ್ಲಿ ದೇವರಾಡುವ ‘ಬೆಳಕಾಗಲಿ’ ಎಂಬ ಮಾತಿಗೆ ಸಾಕ್ಷಿ ಎಂದೂ ಸಾಧಿಸಬೇಡಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದು ಮಹಾಸ್ಫೋಟ ಸಿದ್ಧಾಂತಕ್ಕೆ ಬುನಾದಿ ಹಾಕಿದ ಜಾರ್ಜ್ ಲೆಮೈತ್ರ್ ಕಥೋಲಿಕ ಪಾದ್ರಿ. ಅವರೇ ತಮ್ಮ ಸಿದ್ಧಾಂತವನ್ನು ಧರ್ಮದ ವಾದಕ್ಕೆ ಎಳೆಯಲು ಬಿಡುತ್ತಿರಲಿಲ್ಲ. ನಾಳೆ ವಿಜ್ಞಾನ ತನ್ನ ಲೆಕ್ಕ ತಿದ್ದಿಕೊಂಡರೆ ನಿಮ್ಮ ವಿಶ್ವಾಸವನ್ನೂ ತಿದ್ದುತ್ತೀರಾ?

ಆದಾಮ, ಹವ್ವ ಒಂದೇ ಜೋಡಿಯೇ ಎಂಬಲ್ಲಿ ಮಾತ್ರ ನಾನು ಅವಸರ ಮಾಡುವುದಿಲ್ಲ. ಮೊದಲ ಮನುಷ್ಯರ ಪಾಪ ಎಲ್ಲರಿಗೂ ಬಂತು ಎಂಬ ಆದಿಪಾಪದ ಬೋಧನೆ ಅದಕ್ಕೆ ತಗುಲಿಕೊಂಡಿದೆ. ದೈವಶಾಸ್ತ್ರ ಕಲಿತವರು ಇನ್ನೂ ಚರ್ಚಿಸುತ್ತಿದ್ದಾರೆ. ಮಗಳು ಕೇಳಿದರೆ ಹಾಗೇ ಹೇಳಿ. ಪಾಠ ಬಿಡು ಅಥವಾ ಪೂಜೆ ಬಿಡು ಎಂದು ಮಾತ್ರ ಅವಳನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಪ್ರಶ್ನೆ: ಆದಾಮನ ಪಕ್ಕೆಲುಬಿನಿಂದ ಹವ್ವಳನ್ನು ಮಾಡಿದ್ದಕ್ಕೆ ಗಂಡಸರಿಗೆ ಒಂದು ಪಕ್ಕೆಲುಬು ಕಡಿಮೆಯಂತೆ, ಹೌದಾ?

ಉತ್ತರ: ಇಲ್ಲ. ಇಬ್ಬರಿಗೂ 12 ಜೊತೆ.

ಪ್ರಶ್ನೆ: ನೋಹನ ನಾವೆ ಸಿಕ್ಕಿದೆ ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಬಂದಿದೆ.

ಉತ್ತರ: ಸಿಕ್ಕಿಲ್ಲ. ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ಭೂಮಿಗೆ 6,000 ವರ್ಷ ಎಂದು ಕಲಿಸುವ ಸರ್ಟಿಫಿಕೇಟ್ ಕೋರ್ಸ್ ಪುಣೆಯಲ್ಲಿ ಇದೆ. ಫೀಸು ಜಾಸ್ತಿ. ಸೇರಲೇ?

ಉತ್ತರ: ಭೂಮಿಗೆ ಸುಮಾರು 454 ಕೋಟಿ ವರ್ಷ. ಫೀಸು ಕಟ್ಟಿದ್ದರೆ ವಾಪಸ್ ಕೇಳಿ.