ಕಾಲೇಜ್ ಪ್ಲೇಯರ್ ಆಗಿದ್ಕೊಂಡು ನೆಟ್‌ವರ್ಕ್ ಮಾರ್ಕೆಟಿಂಗ್ ಮಾಡ್ಬೋದಾ?

ನೀವು ಕೇಳಿರೋದು ಇಷ್ಟು: ಬಿಕಾಂ ಎರಡನೇ ವರ್ಷ, ಯೂನಿವರ್ಸಿಟಿ ಲೆವೆಲ್ ಕಬಡ್ಡಿ ಆಡ್ತೀರಿ, ಬೆಳಿಗ್ಗೆ ಸಂಜೆ ಪ್ರಾಕ್ಟೀಸ್ ಇರೋದ್ರಿಂದ ಬೇರೆ ಪಾರ್ಟ್ ಟೈಮ್ ಕೆಲ್ಸಕ್ಕೆ ಹೋಗಕ್ಕಾಗ್ತಿಲ್ಲ, ಟೀಮಲ್ಲಿದ್ದ ಸೀನಿಯರ್ ಒಬ್ರು ನ್ಯೂಟ್ರಿಷನ್ ಪೌಡರ್ ಮಾರೋ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ (ಮಾಲು ಮಾರ್ತಾ, ಕೆಳಗೆ ಬೇರೆಯೋರನ್ನ ಸೇರಿಸ್ತಾ ಕಮಿಷನ್ ತಗೊಳ್ಳೋದು) ಸೇರ್ಕೋ ಟೈಮ್ ನಿನ್ ಕೈಲೇ ಇರುತ್ತೆ ಅಂತಿದಾರೆ, ಸೇರ್ಬೋದಾ ಅಂತ. ನಾನಂತೂ ಬೇಡ ಅಂತೀನಿ. ಆದ್ರೆ ಬರೀ ಬೇಡ ಅಂದ್ರೆ ಯಾರೂ ಕೇಳಲ್ಲ, ನಂಗೂ ಆಗ ಮೂರ್ನಾಲ್ಕು ಜನ ಬೇಡ ಅಂದಿದ್ರು, ಅವ್ರೆಲ್ಲ ನೆಗೆಟಿವ್ ಜನ ಅಂದ್ಕೊಂಡು ಸುಮ್ನಾಗಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

2017ರಲ್ಲಿ ಮೈಸೂರಲ್ಲಿ ಡಿಗ್ರಿ ಓದ್ತಾ 800 ಮೀಟರ್ ಓಡ್ತಿದ್ದೆ. ಬೆಳಿಗ್ಗೆ ಐದೂವರೆಗೆ ಚಾಮುಂಡಿ ವಿಹಾರ್ ಟ್ರ್ಯಾಕು, ವಾರಕ್ಕೊಂದ್ಸಲ ಬೆಟ್ಟದ ಮೆಟ್ಲು, ಹತ್ತರಿಂದ ಮೂರರವರೆಗೆ ಕ್ಲಾಸು, ನಾಲ್ಕೂವರೆಗೆ ಮತ್ತೆ ಟ್ರ್ಯಾಕು. ಊರಿಂದ ಅಪ್ಪ ತಿಂಗಳಿಗೆ 2,500 ಕಳಿಸ್ತಿದ್ರು, ಅದ್ರಲ್ಲಿ ಮೆಸ್ ಬಿಲ್ ಕಟ್ಟಿದ್ಮೇಲೆ ಮೊಟ್ಟೆ ಬಾಳೆಹಣ್ಣಿಗೂ ಲೆಕ್ಕ ಹಾಕ್ಬೇಕಿತ್ತು, ಸ್ಪೈಕ್ಸ್ ಬಾಯಿ ಬಿಟ್ರೆ ಅಂಟು ಹಾಕಿಸ್ಕೊಂಡು ಓಡ್ತಿದ್ದೆ. ಅಂಥ ಟೈಮಲ್ಲಿ ಲಾಂಗ್ ಜಂಪ್ ಮಾಡ್ತಿದ್ದ ಹಳೇ ಸೀನಿಯರ್ ಅಣ್ಣ ಒಬ್ರು ಫಾರ್ಮಲ್ ಶೂ ಹಾಕ್ಕೊಂಡು ಗ್ರೌಂಡಿಗೆ ಬಂದು, ಟೀ ಕುಡ್ಸಿ, "ನೀನು ಸ್ಪೋರ್ಟ್ಸ್‌ಮ್ಯಾನ್ ಕಣೋ, ಸೋತು ಮತ್ತೆ ಎದ್ದು ಓಡೋನು, ಈ ಫೀಲ್ಡಿಗೆ ನಿನ್ನಂಥೋರೇ ಬೇಕು" ಅಂದ್ರು. ಅವ್ರ ಪೌಡರ್ ನೆಟ್‌ವರ್ಕ್‌ಗೆ ನಾನೂ ಸೇರ್ಕೊಂಡೆ. ನಿಮ್ಗೂ ಇದನ್ನೇ ಹೇಳಿರ್ತಾರೆ ಬಿಡಿ. ನಮ್ಮಂಥೋರು ಯಾಕೆ ಬೇಕು ಅಂತ ನಂಗೆ ಆಮೇಲೆ ಅರ್ಥ ಆಯ್ತು. ಮೈಕಟ್ಟು ನೋಡಿ ಪೌಡರ್ ಕುಡ್ದೇ ಹಿಂಗಾಗಿದಾನೆ ಅಂತ ಜನ ನಂಬ್ತಾರೆ, ಅದೊಂದು. ಇನ್ನೊಂದು, ಪ್ಲೇಯರ್ ಹತ್ರ ಇಡೀ ಟೀಮಿನ ಫೋನ್ ನಂಬರ್ ಇರುತ್ತೆ, ಜೂನಿಯರ್ಸ್ ಅವ್ನ ಮಾತು ತೆಗೆದುಹಾಕಲ್ಲ.

ಈಗ ಟೈಮ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನೀವು ಸೋಲ್ತಿರೋದೇ ಅಲ್ಲಿ. ಆಫೀಸಿಲ್ಲ, ಬಾಸಿಲ್ಲ, ಯಾವಾಗ್ಬೇಕಾದ್ರೂ ಮಾಡು ಅಂತಾರೆ. ಆದ್ರೆ ನೀವು ಪ್ಲಾನ್ (ಸೇರಿದ್ರೆ ದುಡ್ಡು ಹೆಂಗ್ ಬರುತ್ತೆ ಅನ್ನೋ ವಿವರಣೆ) ತೋರಿಸ್ಬೇಕಾಗಿರೋ ಜನಕ್ಕೆ ಯಾವಾಗ ಬಿಡುವು ಹೇಳಿ? ಕೆಲ್ಸದಿಂದ ಬಂದ್ಮೇಲೆ ಸಂಜೆ ಆರರ ನಂತ್ರ, ಭಾನುವಾರ, ಹಬ್ಬದ ರಜೆ. ಅದೇ ನಮ್ಮ ಪ್ರಾಕ್ಟೀಸ್ ಟೈಮು, ಅದೇ ನಮ್ಮ ಮ್ಯಾಚು, ಮೀಟು ನಡೆಯೋ ದಿನ. ನನ್ ಟೈಮು ನನ್ ಕೈಲಿರ್ಲಿಲ್ಲ, ಮಾತಾಡ್ಸಕ್ಕೆ ಹೋದ ಮನೆಯೋರ ಕೈಲಿತ್ತು. ರಾತ್ರಿ ಹತ್ತಕ್ಕೆ ಅಪ್‌ಲೈನ್, ಅಂದ್ರೆ ನಮ್ಮನ್ನ ಸೇರಿಸಿದ ಮೇಲಿನೋರ ಕಾನ್ಫರೆನ್ಸ್ ಕಾಲ್ ಬೇರೆ, ಇವತ್ತು ಎಷ್ಟು ಜನಕ್ಕೆ ಪ್ಲಾನ್ ತೋರಿಸ್ದೆ, ನಾಳೆ ಯಾರಿಗೆ ಅಂತ, ಅದು ಮುಗ್ಯೋದು ಹನ್ನೊಂದೂವರೆ, ಬೆಳಿಗ್ಗೆ ಐದಕ್ಕೆ ಅಲಾರಂ. ನಮ್ ಕೋಚ್ ಸರ್ ಡೈರಿ ಬರೆಸ್ತಿದ್ರು, ಈಗ್ಲೂ ಇಟ್ಕೊಂಡಿದೀನಿ. ಸೇರೋಕೆ ಮುಂಚೆ ನನ್ 800 ಟೈಮಿಂಗ್ 1 ನಿಮಿಷ 56 ಸೆಕೆಂಡ್, ಎಂಟು ತಿಂಗಳಾದ್ಮೇಲೆ 2 ನಿಮಿಷ 1 ಸೆಕೆಂಡ್. ಆ ವರ್ಷ ಯೂನಿವರ್ಸಿಟಿ ಟೀಮಲ್ಲಿ ನನ್ ಹೆಸ್ರಿರ್ಲಿಲ್ಲ. ಕಬಡ್ಡೀಲಿ ಇದು ಹಿಂಗೆ ಸೆಕೆಂಡಲ್ಲಿ ಕಾಣಲ್ಲ, ನಿದ್ದೆಗೆಟ್ಟಿರೋ ಕಾಲು ಬೋನಸ್ ಲೈನ್ ಹತ್ರ ಅರ್ಧ ಕ್ಷಣ ಲೇಟಾಗುತ್ತೆ ಅಷ್ಟೇ, ಅದು ನಿಮ್ಗಿಂತ ಮುಂಚೆ ಎದುರು ಟೀಮಿನ ಕಾರ್ನರ್ ಡಿಫೆಂಡರ್‌ಗೆ ಗೊತ್ತಾಗುತ್ತೆ.

ದುಡ್ಡಿನ ಲೆಕ್ಕ ಪೂರ್ತಿ ಹೇಳ್ಬಿಡ್ತೀನಿ. ಸೇರೋ ಪ್ಯಾಕೇಜ್ 8,500. ಆಕ್ಟಿವ್ ಆಗಿರ್ಬೇಕು ಅಂತ ಪ್ರತಿ ತಿಂಗಳು 1,500ರ ಮಾಲು ನಾವೇ ತಗೋಬೇಕಿತ್ತು, ಹತ್ತು ತಿಂಗಳು ತಗೊಂಡೆ, 15,000. ಬೆಂಗಳೂರಲ್ಲಿ ಮೂರು ಸೆಮಿನಾರ್, ಟಿಕೆಟ್ 800ರಂತೆ 2,400. ಬ್ಲೇಜರ್ ಕಡ್ಡಾಯ ಅಂದ್ರು, 2,200. ಬಸ್ಸು, ಪೆಟ್ರೋಲ್, ಕರ್ಕೊಂಡ್ ಬಂದೋರಿಗೆ ಕಾಫಿ ಎಲ್ಲಾ ಸೇರಿ ಹತ್ತತ್ರ 3,000. ಒಟ್ಟು 31,100. ಬಂದಿದ್ದು ಟಿಡಿಎಸ್ ಕಳ್ದು ಕಮಿಷನ್ 11,200, ನಿಜವಾಗ್ಲೂ ಹೊರಗಿನೋರಿಗೆ ಪೌಡರ್ ಮಾರಿ ಸಿಕ್ಕಿದ್ದು 4,300. ಅಂದ್ರೆ 15,600 ಕೈಬಿಟ್ಟು ಹೋಯ್ತು. ಇಷ್ಟಾದ್ರೂ ಸ್ಟೇಜ್ ಮೇಲೆ ಕರ್ದು 'ಸ್ಟಾರ್' ಅಂತ ಪಿನ್ ಚುಚ್ಚಿ ಚಪ್ಪಾಳೆ ತಟ್ಸಿದ್ರು, ಮೆಡಲ್ ಹಾಕಿಸ್ಕೊಂಡಷ್ಟೇ ಖುಷಿ ಆಗಿತ್ತು ನಂಗೆ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಕಿವಿ ಬಿಸಿ ಆಗುತ್ತೆ.

ಆ 11,200 ಎಲ್ಲಿಂದ ಬಂತು ಅಂತ ನಾನು ಆಗ ಯೋಚ್ನೆ ಮಾಡ್ಲಿಲ್ಲ. ಅದು ನನ್ ಟೀಮ್‌ಮೇಟ್ಸ್ ಕಟ್ಟಿದ ಪ್ಯಾಕೇಜ್ ದುಡ್ಡು. ಒಬ್ಬ ಜೂನಿಯರ್, 400 ಹರ್ಡಲ್ಸ್ ಹುಡ್ಗ, ಅವ್ರಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಗೊಂಡು 8,500 ಕೊಟ್ಟಿದ್ರು. ಅವ್ನು ಒಬ್ರನ್ನೂ ಸೇರ್ಸಕ್ಕಾಗ್ಲಿಲ್ಲ, ಡಬ್ಬಗಳು ಹಾಸ್ಟೆಲ್ ಮಂಚದ ಕೆಳಗೇ ಎಕ್ಸ್‌ಪೈರಿ ಆದ್ವು. ನಾನು ಕೆಲ್ಸಕ್ಕೆ ಸೇರಿದ್ಮೇಲೆ 4,000 ಕೊಟ್ಟೆ, ಉಳಿದಿದ್ದು ಬೇಡ ಬಿಡಣ್ಣ ಅಂದ. ಮುಂಚೆ ವಾರ್ಮ್ ಅಪ್‌ಗೆ ಎಲ್ರೂ ಒಟ್ಟಿಗೆ ಹೋಗ್ತಿದ್ವಿ, ನಾನು ಸೇರಿದ್ಮೇಲೆ ಹುಡುಗ್ರು ನನ್ನ ನೋಡಿ ಆ ಕಡೆ ಲೇನಿಗೆ ಸರಿಯೋರು, ಎಲ್ಲಿ ಮತ್ತೆ ಪ್ಲಾನ್ ತೆಗೀತಾನೋ ಅಂತ. ರಿಲೇ ಟೀಮಲ್ಲಿ ಬ್ಯಾಟನ್ ಕೊಡೋನ ಜೊತೆ ದುಡ್ಡಿನ ಮನಸ್ತಾಪ ಇದ್ರೆ ಹೆಂಗಿರುತ್ತೆ ಯೋಚ್ನೆ ಮಾಡಿ, ನಿಮ್ದಂತೂ ಕೈ ಕೈ ಹಿಡ್ಕೊಂಡು ಚೈನ್ ಕಟ್ಟೋ ಆಟ.

ಲೆಕ್ಕದಲ್ಲೂ ಇದು ನಿಲ್ಲಲ್ಲ. ನೀವು ಐದು ಜನನ್ನ ಸೇರಿಸ್ತೀರ, ಅವ್ರು ತಲಾ ಐದು, ಹಂಗೇ ಕೆಳಕ್ಕೆ: 5, 25, 125, 625, 3,125. ನಮ್ ಕಾಲೇಜಲ್ಲಿ ಇದ್ದಿದ್ದೇ 1,800 ಜನ, ಐದನೇ ಮೆಟ್ಲಿಗೇ ಕಾಲೇಜು ಖಾಲಿ. ಬೋರ್ಡ್ ಮೇಲೆ ಈ ಲೆಕ್ಕನ ವೃತ್ತ ವೃತ್ತವಾಗಿ ಬರೆಯೋರು ಕೊನೇ ಸಾಲಿನ 3,125 ಜನಕ್ಕೆ ಯಾರು ಸಿಗ್ತಾರೆ ಅಂತ ಯಾವತ್ತೂ ಹೇಳಲ್ಲ.

ಕಾನೂನು ಪ್ರಕಾರ ಡೈರೆಕ್ಟ್ ಸೆಲ್ಲಿಂಗ್ (ಅಂಗಡಿ ಇಲ್ದೆ ನೇರವಾಗಿ ಗ್ರಾಹಕರಿಗೆ ಮಾರೋದು) ಅನ್ನೋದೇ ತಪ್ಪಲ್ಲ. ಆದ್ರೆ ಮಾಲು ಮಾರಿದ್ದಕ್ಕಲ್ಲ, ಜನನ್ನ ಸೇರಿಸಿದ್ದಕ್ಕೆ ದುಡ್ಡು ಬರೋ ಪಿರಮಿಡ್ ಸ್ಕೀಮು, ದುಡ್ಡು ಸುತ್ತಿಸೋ (ಮನಿ ಸರ್ಕ್ಯುಲೇಷನ್) ಸ್ಕೀಮು ಎರಡನ್ನೂ 2021ರ ಡಿಸೆಂಬರಲ್ಲಿ ಬಂದ ಡೈರೆಕ್ಟ್ ಸೆಲ್ಲಿಂಗ್ ರೂಲ್ಸ್ ನಿಷೇಧ ಮಾಡಿವೆ, ಮನಿ ಸರ್ಕ್ಯುಲೇಷನ್ ವಿರುದ್ಧ 1978ರಿಂದ್ಲೇ ಕಾಯ್ದೆ ಇದೆ. ಅದೇ ರೂಲ್ಸ್ ಪ್ರಕಾರ ಅಗ್ರಿಮೆಂಟ್ ಆದ್ಮೇಲೆ ದಂಡ ಇಲ್ದೆ ಹೊರಗೆ ಬರಕ್ಕೆ ಕೂಲಿಂಗ್ ಆಫ್ ಅವಧಿ ಇರ್ಬೇಕು, ಗ್ರಾಹಕರ ಮನೆಗೆ ಹೋಗೋನು ಮುಂಚೆನೇ ಕೇಳ್ಕೊಂಡು ಐಡಿ ಕಾರ್ಡ್ ಇಟ್ಕೊಂಡು ಹೋಗ್ಬೇಕು (ನಾವು ಹಾಸ್ಟೆಲಲ್ಲಿ ರಾತ್ರಿ ರೂಮ್ ರೂಮ್ ಬಾಗ್ಲು ಬಡೀತಿದ್ವಿ!). ಈಗಾಗ್ಲೇ ದುಡ್ಡು ಕಟ್ಟಿಬಿಟ್ಟಿದ್ರೆ ಅಗ್ರಿಮೆಂಟ್ ತೆಗ್ದು ಆ ಅವಧಿ ಎಷ್ಟು ದಿನ ಅಂತ ಇವತ್ತೇ ನೋಡಿ, ತಕರಾರು ಮಾಡಿದ್ರೆ ಗ್ರಾಹಕರ ಸಹಾಯವಾಣಿ 1915. ಅಂದಹಾಗೆ ಕಾಲೇಜ್ ಹುಡುಗ್ರನ್ನ ಹಿಡಿಯೋದು ನಮ್ಮಲ್ಲಿ ಮಾತ್ರ ಅಂತಲ್ಲ, ಅಮೆರಿಕದಲ್ಲಿ ವೆಮ್ಮಾ ಅನ್ನೋ ಕಂಪನಿ ಎನರ್ಜಿ ಡ್ರಿಂಕ್ ಇಟ್ಕೊಂಡು ಕಾರು, ವಿಮಾನದ ಫೋಟೋ ತೋರ್ಸಿ ಕಾಲೇಜ್ ಮಕ್ಕಳನ್ನ ಸೇರಿಸ್ತಿತ್ತು, 2015ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದು ಪಿರಮಿಡ್ ಅಂತ ಕೋರ್ಟಿಗೆ ಎಳೀತು.

ಪ್ಲೇಯರ್ ಆಗಿ ನಿಮ್ಗೆ ಇನ್ನೊಂದು ಭಯ ಇರ್ಬೇಕು, ಇದನ್ನ ನಿಮ್ ಸೀನಿಯರ್ ಹೇಳಿರಲ್ಲ. ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಥರದ ಕಡೆ ನಾಡಾದೋರು (ಡೋಪಿಂಗ್ ತಡೆಯೋ ರಾಷ್ಟ್ರೀಯ ಸಂಸ್ಥೆ) ಸ್ಯಾಂಪಲ್ ತಗೋತಾರೆ. ಪೌಡರಲ್ಲಿ ಲೇಬಲ್ ಮೇಲಿಲ್ದೇ ಇರೋ ನಿಷೇಧಿತ ಪದಾರ್ಥ ಬೆರೆತಿದ್ರೆ, ನಂಗ್ ಗೊತ್ತಿರ್ಲಿಲ್ಲ ಸರ್ ಅಂದ್ರೂ ಹೊಣೆ ಆಟಗಾರನದ್ದೇ. ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ನಂಬರ್ ಇದ್ರೆ ಡೋಪ್ ಟೆಸ್ಟ್ ಆಗಿದೆ ಅಂತಲ್ಲ. ನೀವು ಕುಡಿಯೋದಷ್ಟೇ ಅಲ್ಲ, ಹನ್ನೆರಡು ಜನ ಟೀಮಿಗೂ ಕುಡಿಸ್ತೀರ ಇಲ್ಲಿ. ನಾಳೆ ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸೋ ರೈಲ್ವೇನೋ ನೋಡ್ತಿರೋ ಹುಡ್ಗನ ಹೆಸ್ರಿಗೆ ಡೋಪಿಂಗ್ ಕೇಸ್ ಅಂಟಿದ್ರೆ ಏನ್ ಉತ್ರ ಕೊಡ್ತೀರ?

ಹಂಗಾದ್ರೆ ದುಡ್ಡಿಗೇನ್ ಮಾಡ್ಲಿ ಅಂದ್ರೆ, ನಾನು ಇದನ್ನ ಬಿಟ್ಮೇಲೆ ಮಾಡಿದ್ದು ಹೇಳ್ತೀನಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸ್ಕೂಲುಗಳ ಕ್ರೀಡಾಕೂಟದ ಸೀಸನ್, ಸುಣ್ಣ ಹಾಕಿ ಟ್ರ್ಯಾಕ್ ಗುರುತು ಮಾಡಕ್ಕೆ, ಸ್ಟಾಪ್‌ವಾಚ್ ಹಿಡಿಯಕ್ಕೆ ಜನ ಸಿಗಲ್ಲ, ನಮ್ ಪಿಡಿ ಸರ್ (ಕಾಲೇಜಿನ ಫಿಸಿಕಲ್ ಡೈರೆಕ್ಟರ್) ಹೇಳಿ ಕಳಿಸೋರು, ದಿನಕ್ಕೆ 500 ಮತ್ತೆ ಊಟ. ಬೇಸಿಗೆ ರಜೇಲಿ ಮಕ್ಕಳ ಸಮ್ಮರ್ ಕ್ಯಾಂಪು, ಬೆಳಿಗ್ಗೆ ಎರಡು ಗಂಟೆ, ತಿಂಗಳಿಗೆ 6,000. ನಿಮ್ ಆಟಕ್ಕಂತೂ ಊರೂರಲ್ಲಿ ಹೊನಲು ಬೆಳಕಿನ ಟೂರ್ನಮೆಂಟ್ ನಡೆಯುತ್ತೆ, ರೆಫ್ರಿ ಪರೀಕ್ಷೆ ಬರ್ದಿಟ್ಕೊಂಡ್ರೆ ಆಟ ನಿಲ್ಸಿದ್ಮೇಲೂ ಕರೀತಾರೆ. ಇದ್ರಲ್ಲೇನ್ ಕಾರು ಬರಲ್ಲ, ಸ್ಪೈಕ್ಸ್ ಬಂತು ನಂಗೆ, ಹೊಸ್ದು.

ಸೀನಿಯರ್‌ಗೆ ಮುಖದ ಮೇಲೆ ಆಗಲ್ಲ ಅನ್ನಕ್ಕೆ ಸಂಕೋಚ ಆದ್ರೆ, ಒಂದ್ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೋರ್ಸಣ್ಣ, ಬಂದಿದ್ದು ಹೋಗಿದ್ದು ಎರಡೂ, ನೋಡಿ ಸೇರ್ತೀನಿ ಅಂತ ಹೇಳಿ. ನನ್ನನ್ನ ಯಾರಾದ್ರೂ ಆಗ ಹಂಗೆ ಕೇಳಿದ್ರೆ ನಾನು ತೋರಿಸ್ತಿರ್ಲಿಲ್ಲ.